ಓಡದ ರನ್ನು

ಸಂಜೋತಾ ಹಂಚಿನಮನಿಯನ್ನು ಹುಬ್ಬಳ್ಳಿ ಮಹಿಳಾ ತಂಡದಿಂದ ಕೈಬಿಡುವುದೆಂದು ಬಹುಮಟ್ಟಿಗೆ ತೀರ್ಮಾನವಾಗಿತ್ತು. ಅದೇ ವಾರ ಧಾರವಾಡದಿಂದ ಡಾಕ್ಟರ್ ಮೆಹಜಬೀನ್ ನದಾಫ್ ಕ್ರೀಡಾಂಗಣಕ್ಕೆ ಬಂದು, ನಿಮ್ಮ ತಂಡದಲ್ಲಿ ಮಿಡ್‌ವಿಕೆಟ್ ಬೌಂಡರಿಯ ಹತ್ತಿರ ನಿಲ್ಲುವವರು ಯಾರು ಎಂದು ಕೇಳಿದರು.

ತೀರ್ಮಾನ ಮಾಡಿದವರದು ತಪ್ಪೆನ್ನುವಂತಿರಲಿಲ್ಲ. ಸಂಜೋತಾಳಿಗೆ ಮೂವತ್ತು ದಾಟಿತ್ತು. ಅವಳು ಬ್ಯಾಟು ಹಿಡಿದು ಇಳಿಯುವ ಹೊತ್ತಿಗೆ ಪಂದ್ಯ ಮುಗಿಯುತ್ತ ಬಂದಿರುತ್ತಿತ್ತು. ಬೌಲಿಂಗಂತೂ ಒಲಿದಿರಲೇ ಇಲ್ಲ. ಗೆರೆಯಂಚಿನಲ್ಲಿ ನಿಲ್ಲುವುದು, ತನ್ನತ್ತ ಬಂದ ಚೆಂಡನ್ನು ಹಿಡಿಯುವುದು, ಒಳಗೆ ಎಸೆಯುವುದು, ಇಷ್ಟೇ ಅವಳ ಕೆಲಸ. ಚೆಂಡು ಅವಳ ಕಡೆಗೆ ಹೋಯಿತೆಂದರೆ ಎದುರಾಳಿಗಳು ಒಂದು ರನ್ನು ಓಡಿ ನಿಂತುಬಿಡುತ್ತಿದ್ದರು. ನಿಂತವರನ್ನು ಔಟ್ ಮಾಡಲು ಬರುವುದಿಲ್ಲವಲ್ಲ. ಹಾಗಾಗಿ ಹಿಂದಿನ ಸಾಲಿನ ಲೀಗಿನಲ್ಲಿ ಅವಳ ಕೈಯಿಂದ ಆದ ರನೌಟುಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಹೊಸ ಹುಡುಗಿಯರಿಗೆ ಜಾಗ ಬೇಕು, ನೀನು ತಿಳಿದವಳು ಎಂದು ತರಬೇತುದಾರರು ಬಹಳ ಮರ್ಯಾದೆಯಿಂದಲೇ ಹೇಳಿದ್ದರು. ಸಂಜೋತಾ ಹೌದ್ರೀ ಎಂದು ತಲೆಯಾಡಿಸಿ ಬಂದಿದ್ದಳು.

ಮೆಹಜಬೀನ್ ಕ್ರಿಕೆಟ್ಟಿನವರಲ್ಲ, ನರ ಮತ್ತು ಸ್ನಾಯುಗಳ ವಿಜ್ಞಾನಿ. ಪಾರ್ಶ್ವವಾಯು ಹೊಡೆದು ಕಾಲಿನ ಸ್ವಾಧೀನ ಕಳೆದುಕೊಂಡವರಿಗಾಗಿ ಅವರೊಂದು ದಾರ ಕಂಡುಹಿಡಿದಿದ್ದರು. ಮನುಷ್ಯ ಕಾಲೆತ್ತಬೇಕಾದರೆ ಮೊದಲು ಮಿದುಳಿನಿಂದ ಆಜ್ಞೆ ಹೊರಡುತ್ತದೆ. ಅದು ಸ್ನಾಯುವಿಗೆ ತಲುಪಿದಾಗ ಅಲ್ಲಿ ಸಣ್ಣದೊಂದು ವಿದ್ಯುತ್ತು ಮಿನುಗುತ್ತದೆ. ಕಾಲು ಏಳುವುದು ಆಮೇಲೆ. ಬಟ್ಟೆಯಲ್ಲಿ ನೇಯ್ದ ಆ ದಾರ ಚರ್ಮದ ಮೇಲಿನಿಂದಲೇ ಮಿನುಗನ್ನು ಹಿಡಿಯುತ್ತಿತ್ತು. ಕಾಲು ಅಲ್ಲಾಡದಿದ್ದರೂ ಆಜ್ಞೆ ತಲುಪಿದೆ ಎಂದು ಗೊತ್ತಾದರೆ ರೋಗಿ ಧೈರ್ಯಗೆಡದೆ ವ್ಯಾಯಾಮ ಮುಂದುವರಿಸುತ್ತಾನೆ ಎಂಬುದು ಅವರ ಯೋಚನೆ. ಅದು ಫಲಿಸಿಯೂ ಇತ್ತು. ಆಮೇಲೆ ಮಹಿಳಾ ಲೀಗಿನವರು ಸ್ನಾಯು ಹರಿಯುವ ಮುನ್ಸೂಚನೆ ಸಿಗಲಿ ಎಂದು ಅದೇ ದಾರವನ್ನು ಎಲ್ಲ ಆಟಗಾರ್ತಿಯರ ಪ್ಯಾಂಟಿನಲ್ಲಿ ನೇಯಿಸಿದರು. ಅದು ಹಿಡಿದ ಮಾಹಿತಿಯೆಲ್ಲ ಮೆಹಜಬೀನರ ಪ್ರಯೋಗಾಲಯಕ್ಕೆ ಹೋಗುತ್ತಿತ್ತು.

ಆ ಮಾಹಿತಿಯ ಮೂಲೆಯಲ್ಲಿ ಅವರಿಗೊಂದು ವಿಚಿತ್ರ ಕಂಡಿತ್ತು. ಬ್ಯಾಟು ಮಾಡುವವಳು ಮೊದಲ ರನ್ನು ಮುಗಿಸುತ್ತಾಳೆ. ಎರಡನೆಯದಕ್ಕೆ ತೊಡೆಗೆ ಆಜ್ಞೆ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅದು ರದ್ದಾಗುತ್ತದೆ. ಮಾತಾಡಬೇಕೆಂದು ಬಾಯಿ ತೆರೆದವರು ಮಾತು ನುಂಗಿಕೊಳ್ಳುವುದಿಲ್ಲವೇ, ಹಾಗೆ. ಶಿಷ್ಯರು ಇದನ್ನು ಕಸವೆಂದು ತೆಗೆದುಹಾಕುತ್ತಿದ್ದರು. ಮೆಹಜಬೀನ್ ತೆಗೆಯಬೇಡಿ ಎಂದು, ಹೀಗೆ ನುಂಗಿದ ಓಟಗಳನ್ನೆಲ್ಲ ಮೈದಾನದ ನಕ್ಷೆಯ ಮೇಲೆ ಕೆಂಪು ಚುಕ್ಕಿಗಳಾಗಿ ಇಡಿಸಿದರು. ಹುಬ್ಬಳ್ಳಿ ತಂಡದ ಪಂದ್ಯಗಳಲ್ಲಿ ಚುಕ್ಕಿಗಳು ಒಂದೇ ಕಡೆ ರಾಶಿ ಬಿದ್ದಿದ್ದವು. ಅಲ್ಲಿ ನಿಂತಿದ್ದವಳು ಬೇರೆ ಕಡೆ ಹೋದರೆ ರಾಶಿಯೂ ಅವಳ ಹಿಂದೆಯೇ ಹೋಗುತ್ತಿತ್ತು.

ಕ್ರೀಡಾಂಗಣದ ಮೂರನೇ ಮಹಡಿಯಲ್ಲಿ ಗಾಜಿನ ಗೋಡೆಯ ನಿಯಂತ್ರಣ ಕೊಠಡಿ. ಅಲ್ಲಿ ಗೋಡೆ ತುಂಬ ಪರದೆಗಳು. ಮೆಹಜಬೀನ್ ಅಲ್ಲಿಗೆ ಸಂಜೋತಾಳನ್ನು ಕರೆಸಿಕೊಂಡು ಆ ನಕ್ಷೆ ತೋರಿಸಿದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಈ ಚುಕ್ಕಿ ಏನ್ರೀ ಡಾಕ್ಟರ ಎಂದು ಕೇಳಿದಳು.

"ಓಡದ ರನ್ನು," ಎಂದರು ಮೆಹಜಬೀನ್. "ಓಡಬೇಕಂತ ಅವರ ಕಾಲು ಎದ್ದಿತ್ತು. ನಿನ್ನ ಕೈಯಾಗ ಚೆಂಡು ನೋಡಿ ಕುಂತುಬಿಟ್ಟಿತು. ಇವೆಲ್ಲಾ ನೀ ಉಳಿಸಿದ ರನ್ನು."

ಅವರು ಓದಿದ್ದು ಜಪಾನಿನ ಒಸಾಕಾದಲ್ಲಿ. ಅಲ್ಲಿನ ಮನೆಯೊಡತಿಗೆ ಬೇಸ್‌ಬಾಲ್ ಹುಚ್ಚು. ಆ ಆಟದಲ್ಲಿ ದೂರದ ಹುಲ್ಲಿನಲ್ಲಿ ನಿಲ್ಲುವವರ ತೋಳಿಗೆ ದೊಡ್ಡ ಬೆಲೆ. ಒಳ್ಳೆಯ ತೋಳಿನವನು ಎಸೆಯುವುದೇ ಕಡಿಮೆ, ಯಾಕೆಂದರೆ ಅವನೆದುರು ಯಾರೂ ಓಡುವ ಸಾಹಸ ಮಾಡುವುದಿಲ್ಲ. ಆ ಬೆಲೆಯನ್ನು ಅಲ್ಲಿನವರು ಗಣಿತ ಹಾಕಿ ಊಹಿಸುತ್ತಾರೆ, ನಾನು ನೇರವಾಗಿ ಕಾಲಿನೊಳಗೇ ನೋಡಿದೆ ಎಂದು ಮೆಹಜಬೀನ್ ವಿವರಿಸಿದರು. ಸಂಜೋತಾ ಬಹಳ ಹೊತ್ತು ಪರದೆ ನೋಡಿದಳು. ತಾನು ಬರಿದೇ ನಿಂತಿದ್ದೆ ಎಂದುಕೊಂಡ ಮಧ್ಯಾಹ್ನಗಳೆಲ್ಲ ಅಲ್ಲಿ ಕೆಂಪಗೆ ಹೊಳೆಯುತ್ತಿದ್ದವು. ನಗು ಬಂತು. ನಗುತ್ತ ಕಣ್ಣೊರೆಸಿಕೊಂಡಳು.

ಕೈಬಿಡುವ ಮಾತು ಅಲ್ಲಿಗೆ ನಿಂತಿತು. ಹೊಸ ಲೀಗು ಶುರುವಾದಾಗ ಟಿವಿಯವರು ಓಡದ ರನ್ನುಗಳ ಲೆಕ್ಕವನ್ನು ಪರದೆಯ ಮೂಲೆಯಲ್ಲಿ ತೋರಿಸತೊಡಗಿದರು. ದಾರಕ್ಕೆ ಅಳುಕುಮಾಪಕ ಎಂದು ಹೆಸರಿಟ್ಟವರೂ ಅವರೇ. ಒಂದೇ ತಿಂಗಳಲ್ಲಿ ಸಂಜೋತಾ ರಾಜ್ಯಕ್ಕೆಲ್ಲ ಗೊತ್ತಾದಳು. ಅವಳ ಗಂಡ ಮಹಾಂತೇಶ ನಗರ ಸಾರಿಗೆಯಲ್ಲಿದ್ದ. ಬಸ್ಸು ತಾನೇ ಓಡುತ್ತಿತ್ತು, ಅವನು ಮುಂದಿನ ಸೀಟಿನಲ್ಲಿ ಮೇಲ್ವಿಚಾರಕನಾಗಿ ಕುಳಿತಿರುತ್ತಿದ್ದ. ಪ್ರಯಾಣಿಕರು ಹತ್ತುವಾಗ ಅವನ ಕಡೆ ನೋಡಿ, ಮನೆಯಲ್ಲಿ ಎದುರು ಮಾತಾಡಲು ಅಂಜಿಕೆಯಾಗುವುದಿಲ್ಲವೇ ಎಂದು ಕೇಳುವುದು ರೂಢಿಯಾಯಿತು.

ದಾರವನ್ನು ನೇಯ್ದ ಅಗ್ಗದ ಪಟ್ಟಿಗಳು ಅಂಗಡಿಗೆ ಬಂದ ಮೇಲೆ ಆಟ ಮೈದಾನದಿಂದ ಹೊರಗೂ ಹಬ್ಬಿತು. ವಧುಪರೀಕ್ಷೆಗೆ ಹೋದ ಹುಡುಗನ ಕಾಲಿಗೆ ತಂಗಿಯರು ಕದ್ದು ಪಟ್ಟಿ ಕಟ್ಟಿದರು, ಅವನು ಎದ್ದು ಓಡಲು ಎಷ್ಟು ಸಲ ನೋಡಿದ ಎಂಬುದು ಮದುವೆ ಮನೆಯ ಮಾತಾಯಿತು. ಕೆಲವು ಮನೆಗಳಲ್ಲಿ ಜಗಳವೂ ಆಯಿತು. ಎದ್ದು ಹೋಗಬೇಕೆಂದು ಮಾಡಿ ಸುಮ್ಮನಾದದ್ದು ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂದು ಅನೇಕರಿಗೆ ಅನ್ನಿಸಿತು. ಆದರೆ ಕುಂದಗೋಳದ ಕಡೆಯ ಶಾಲೆಯೊಂದರಲ್ಲಿ ಟೀಚರೊಬ್ಬರು ಮಕ್ಕಳ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಹಿಂದಿನ ಬೆಂಚಿನ ಮಾತಿಲ್ಲದ ಹುಡುಗಿಯರು ಪ್ರತಿ ಪ್ರಶ್ನೆಗೂ ಕೈಯೆತ್ತಲು ಹೊರಟು ತಡೆದುಕೊಳ್ಳುತ್ತಿದ್ದರು. ಅಂದಿನಿಂದ ಅವರು ಆ ಹುಡುಗಿಯರನ್ನು ಹೆಸರು ಹಿಡಿದು ಕೇಳತೊಡಗಿದರಂತೆ. ಈ ಸುದ್ದಿ ಓದಿದ ದಿನ ಮೆಹಜಬೀನ್ ಊಟಕ್ಕೆ ಕೂತವರು ಎದ್ದು ಓಡಾಡಿದರು.

ಸಂಜೋತಾಳ ಅತ್ತೆ ಶಾಂತವ್ವ ಒಂದು ಪಟ್ಟಿ ತಂದು ಮಗನ ಕಾಲಿಗೇ ಕಟ್ಟಿದಳು. ಉಂಡ ಮೇಲೆ ತಾಟು ಎತ್ತಿಡಲು ಮಹಾಂತೇಶನ ತೊಡೆಗೆ ಆಜ್ಞೆ ಬರುತ್ತಿತ್ತು, ಬಂದದ್ದು ಹಾಗೇ ವಾಪಸು ಹೋಗುತ್ತಿತ್ತು.

"ಮನಸು ಛಲೋ ಐತಿ ಬಿಡು," ಎಂದಳು ಶಾಂತವ್ವ ಸೊಸೆಯ ಕಡೆ ತಿರುಗಿ. "ಕಾಲಽ ಮೈಗಳ್ಳ. ನಾ ಇಷ್ಟು ದಿನಾ ಮನಸಽ ಇಲ್ಲಂತ ತಿಳಕೊಂಡಿದ್ದೆ."

ಮಹಾಂತೇಶ ಎದ್ದು ಮೂವರ ತಾಟನ್ನೂ ತೊಳೆದ. ಮರುದಿನದಿಂದ ಅದು ಅವನ ಪಾಲಿನ ಕೆಲಸವಾಯಿತು.

ಇಷ್ಟೆಲ್ಲ ಸಂಭ್ರಮದ ನಡುವೆ ಸಂಜೋತಾಳಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಲೀಗು ಶುರುವಾಗುವ ಮೊದಲು, ಮಳೆಗಾಲದ ಅಭ್ಯಾಸದಲ್ಲಿ, ಅವಳ ಬಲಭುಜದೊಳಗೆ ಏನೋ ಚುರ್ರೆಂದಿತ್ತು. ಎಲುಬನ್ನು ಸ್ನಾಯುವಿಗೆ ಕಟ್ಟುವ ನಾರು ಅರ್ಧ ಹರಿದಿದೆ, ಆಪರೇಶನ್ ಆಗಬೇಕು, ಮಾಡಿಸಿಕೊಂಡರೆ ಈ ಸಾಲಿನ ಆಟ ಮುಗಿದಂತೆಯೇ ಎಂದು ವೈದ್ಯರು ಹೇಳಿದ್ದರು. ಗಂಡನಿಗೆ, ಅತ್ತೆಗೆ ಬಿಟ್ಟು ಅವಳು ಯಾರಿಗೂ ತಿಳಿಸಲಿಲ್ಲ. ಹತ್ತಿರದ ಎಸೆತಕ್ಕೆ ತೊಂದರೆಯಿರಲಿಲ್ಲ. ಬೌಂಡರಿಯಿಂದ ವಿಕೆಟ್ಟಿಗೆ ನೇರ ಎಸೆಯಲು ಹೋದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆದರೆ ಎಸೆಯುವ ಪ್ರಸಂಗವೇ ಬರಲಿಲ್ಲ, ಯಾಕೆಂದರೆ ಯಾರೂ ಓಡಲಿಲ್ಲ. ಟಿವಿಯ ಮೂಲೆಯಲ್ಲಿ ಅವಳ ಲೆಕ್ಕ ಏರುತ್ತಲೇ ಇತ್ತು.

ಲೀಗಿನವರು ಇನ್ನು ತೋಳಿನಲ್ಲೂ ದಾರ ನೇಯಿಸೋಣ ಎಂದಾಗ ಸಂಜೋತಾ ತುರಿಕೆಯಾಗುತ್ತದೆ, ಬೇಡ ಎಂದಳು. ಮೆಹಜಬೀನ್ ಆ ಮಾತು ಕೇಳಿಸಿಕೊಂಡಿದ್ದರು. ಭಾನುವಾರ ಹುಬ್ಬಳ್ಳಿಗೆ ಬಂದವರು ಶಾಂತವ್ವನ ರೊಟ್ಟಿ, ಬದನೆಕಾಯಿ ಉಂಡು, ಹಿತ್ತಲಲ್ಲಿ ಕೈ ತೊಳೆಯುವಾಗ, ಭುಜ ಯಾವಾಗ ಕೆಟ್ಟಿತು ಎಂದು ಮೆಲ್ಲಗೆ ಕೇಳಿದರು. ರೊಟ್ಟಿ ಬುಟ್ಟಿ ಇಳಿಸುವಾಗ ಅವಳು ಎಡಗೈ ಬಳಸಿದ್ದನ್ನು ಅವರು ನೋಡಿದ್ದರು. ಸಂಜೋತಾ ಎಲ್ಲವನ್ನೂ ಹೇಳಿದಳು. ಹುಲಿ ಸತ್ತರೂ ಅದರ ಹೆಸರಿಗೆ ದನ ಬೆದರಿದಂತೆ ಆಗಿದೆ, ನಿಮ್ಮ ಯಂತ್ರಕ್ಕೆ ನನ್ನಿಂದ ಮೋಸವಾಯಿತು ಎಂದಳು.

"ಯಂತ್ರಕ್ಕೇನೂ ಮೋಸ ಆಗಿಲ್ಲ," ಎಂದರು ಮೆಹಜಬೀನ್. "ಅದು ಅಳೆದಿದ್ದು ಅವರ ಅಂಜಿಕಿ. ಅಂಜಿಕಿ ಖರೇನ ಐತಿ. ನಿನ್ನ ಕೈ ಹೆಂಗೈತಿ ಅಂತ ಅದನ್ನ ಯಾರೂ ಕೇಳೇ ಇಲ್ಲ. ಭುಜ ನಿಂದು, ಅದರ ಮಾತು ನಾ ಎಲ್ಲೂ ಆಡಂಗಿಲ್ಲ. ಆದರ ನಿಮ್ಮ ಕ್ಯಾಪ್ಟನ್‌ಗೆ ನೀ ಹೇಳಬೇಕು."

ನಾಯಕಿ ಗ್ರೇಸಿ ಫರ್ನಾಂಡಿಸ್ ಹೊನ್ನಾವರದವಳು. ಅಪ್ಪನ ಜೊತೆ ದೋಣಿ ಎಳೆದು ಬಲಿತ ಭುಜದವಳು. ಸಂಜೋತಾ ಹೇಳಿದ್ದನ್ನು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರಳಾಗಿ, ಈ ಸುದ್ದಿ ಎದುರಾಳಿಗಳಿಗೆ ತಾನಾಗಿ ಗೊತ್ತಾಗುವವರೆಗೂ ನೀನು ಅಲ್ಲೇ ನಿಲ್ಲುತ್ತೀ ಎಂದಳು.

ಗೊತ್ತುಮಾಡಿಕೊಂಡವಳು ಮೈಸೂರು ತಂಡದ ಪೊನ್ನಮ್ಮ. ಕೊಡಗಿನ ಹುಡುಗಿ, ಕಾಲೇಜು ಮುಗಿಸಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಓಟದಲ್ಲಿ ಜಿಂಕೆ. ಸಂಜೋತಾಳ ಆ ಸಾಲಿನ ಪಂದ್ಯಗಳನ್ನೆಲ್ಲ ಕೂತು ನೋಡಿದ ಅವಳಿಗೆ ಎಲ್ಲೂ ಒಂದು ನೀಳ ಎಸೆತ ಕಾಣಲಿಲ್ಲ. ಅನುಮಾನ ಬಂತು. ಆದರೆ ತಲೆಗೆ ಬಂದ ಅನುಮಾನ ಕಾಲಿಗೆ ಇಳಿಯಬೇಕಲ್ಲ. ಅವಳು ತೊಡೆಗೆ ದಾರದ ಪಟ್ಟಿ ಕಟ್ಟಿಕೊಂಡು, ಎದುರಿಗೆ ಸಂಜೋತಾಳ ಹಳೆಯ ಎಸೆತಗಳ ವೀಡಿಯೊ ಹಾಕಿಕೊಂಡು, ಆಜ್ಞೆ ರದ್ದಾಗುವುದು ನಿಲ್ಲುವ ತನಕ ಓಡಿ ಓಡಿ ಅಭ್ಯಾಸ ಮಾಡಿದಳು. ಅಳುಕನ್ನು ಅಳೆಯಲು ಬಂದ ಯಂತ್ರ ಅಳುಕನ್ನು ಬಿಡಿಸಲೂ ಬಂತು.

ಫೈನಲಿಗೆ ಮುಂಚಿನ ಲೀಗ್ ಪಂದ್ಯದಲ್ಲಿ ಎರಡೂ ತಂಡಗಳು ಎದುರಾದವು. ಪೊನ್ನಮ್ಮ ಚೆಂಡನ್ನು ಸಂಜೋತಾಳ ಕಡೆಗೇ ತಳ್ಳಿದಳು, ಒಂದು ರನ್ನು ಮುಗಿಸಿದಳು, ನಿಲ್ಲದೆ ತಿರುಗಿ ಓಡಿದಳು. ಸಂಜೋತಾ ಹಲ್ಲು ಕಚ್ಚಿ ಎಸೆದಳು. ಚೆಂಡು ದಾರಿಯಲ್ಲೇ ನೆಲ ಕಚ್ಚಿ, ಕುಪ್ಪಳಿಸುತ್ತ, ಉರುಳುತ್ತ ಬಂತು. ಅಷ್ಟರಲ್ಲಿ ಪೊನ್ನಮ್ಮ ಬ್ಯಾಟು ಊರಿ ನಿಂತಿದ್ದಳು. ಆಮೇಲೆ ಬಂದವರೆಲ್ಲ ಅದೇ ದಾರಿ ಹಿಡಿದರು. ಹುಬ್ಬಳ್ಳಿ ಸೋತಿತು. ಅಂಕಗಳ ಬಲದಿಂದ ಫೈನಲಿಗೇನೋ ಹೋಯಿತು, ಆದರೆ ಅಲ್ಲೂ ಎದುರಾಳಿ ಮೈಸೂರೇ.

ಬೈಗುಳ ಬಿದ್ದದ್ದು ಸಂಜೋತಾಳಿಗಿಂತ ಹೆಚ್ಚಾಗಿ ಮೆಹಜಬೀನರಿಗೆ. ಇಲ್ಲದ ರನ್ನುಗಳನ್ನು ಲೆಕ್ಕ ಹಾಕುವ ವಿಜ್ಞಾನ ಎಂದು ಚರ್ಚೆಗಳಲ್ಲಿ ನಕ್ಕರು. ಅವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆದರೆ ಸಂಜೋತಾ ಕ್ಷಮೆ ಕೇಳಲೆಂದು ಧಾರವಾಡದ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿ ಅವರ ಮುಖ ಬಾಡಿತ್ತು. ರಾಚಪ್ಪ ಮಾಸ್ತರರು ಎಂಬ ನಿವೃತ್ತ ಶಿಕ್ಷಕರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಬಲಗಾಲಿಗೆ ಆಜ್ಞೆ ಬರುತ್ತಿದೆ ಎಂದು ದಾರ ಹೇಳಿದ್ದನ್ನು ನಂಬಿ ತಿಂಗಳುಗಟ್ಟಲೆ ಕಂಬಿ ಹಿಡಿದು ನಿಲ್ಲಲು ಹೆಣಗಿದವರು, ಟಿವಿ ನೋಡಿದ ಮೇಲೆ ಕಂಬಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಅವರೊಬ್ಬರೇ ಅಲ್ಲ, ಇನ್ನೂ ಕೆಲವರು ಬರುವುದನ್ನೇ ನಿಲ್ಲಿಸಿದ್ದರು. ಸಂಜೋತಾಳ ಗುರುತು ಹಿಡಿದ ಮಾಸ್ತರರು ಸಿಟ್ಟಿಲ್ಲದೆ ಕೇಳಿದರು.

"ನಿನ್ನ ಕೈಯಾಗ ಏನೂ ಇಲ್ಲಂತಲ್ಲವಾ. ಹಂಗಾರ ನನ್ನ ಕಾಲಾಗ ಐತಿ ಅನ್ನೋದೂ ಸುಳ್ಳಽ ಏನು?"

ಸಂಜೋತಾ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ನನ್ನ ಭುಜ ಹರದೈತ್ರಿ ಸರ, ಅದು ಖರೆ. ಆದರ ದಾರ ನನ್ನ ಭುಜದ ಮಾತು ಯಾವತ್ತೂ ಆಡಿಲ್ಲ. ಅದು ಆಡಿದ್ದು ಓಡೋರ ಕಾಲಿನ ಮಾತು. ಅವರ ಕಾಲಿಗೆ ಅಪ್ಪಣೆ ಬಂದಿತ್ತು, ತಡದಿದ್ರು. ನಿಮ್ಮ ಕಾಲಿಗೂ ಬರಾಕತ್ತೈತಿ. ನೀವು ತಡೀಬ್ಯಾಡ್ರಿ."

ಇದನ್ನು ನನ್ನೊಬ್ಬನಿಗೆ ಹೇಳಿದರೆ ಸಾಕೇ ಎಂದು ಮಾಸ್ತರರು ಕೇಳಿದರು. ಅವಳಿಗೂ ಅದೇ ಅನ್ನಿಸಿತ್ತು. ಸಂಜೆ ಸುದ್ದಿಯವರನ್ನು ಕರೆದು, ತನ್ನ ಭುಜ ಹರಿದಿರುವುದನ್ನೂ ಅದನ್ನು ತಾನು ಮುಚ್ಚಿಟ್ಟದ್ದನ್ನೂ ದಾರ ಅಳೆಯುವುದೇನು ಎಂಬುದನ್ನೂ ಬಿಡಿಸಿ ಹೇಳಿದಳು. ಮರುದಿನ ಮಾಸ್ತರರು ಕಂಬಿಯ ಹತ್ತಿರ ಹೋದರು. ಬಿಟ್ಟವರೂ ಒಬ್ಬೊಬ್ಬರಾಗಿ ಬಂದರು. ಮೆಹಜಬೀನರ ಮುಖ ಅರಳಿತು.

ಗ್ರೇಸಿಯ ಮುಖ ಮಾತ್ರ ಸಿಂಡರಿಸಿತ್ತು. ಒಳ್ಳೆಯ ಕೆಲಸವನ್ನೇ ಮಾಡಿದೆ ಮಾರಾಯ್ತಿ, ಆದರೆ ಫೈನಲಿಗೆ ಮೂರೇ ದಿನ ಇರುವಾಗ ನಮ್ಮ ಕೋಟೆಯ ಬಾಗಿಲು ತೆರೆದಿದೆ ಎಂದು ಊರಿಗೆಲ್ಲ ಸಾರಿ ಬಂದಿದ್ದೀ, ಈಗ ಏನು ಮಾಡುವುದು ಎಂದಳು. ಅದಕ್ಕೆ ಉಪಾಯ ಹೇಳಿದವರು ಮೆಹಜಬೀನ್. ಬೇಸ್‌ಬಾಲಿನಲ್ಲಿ ದೂರದವನು ಎಷ್ಟೋ ಸಲ ಗುರಿಯವರೆಗೆ ಎಸೆಯುವುದೇ ಇಲ್ಲ. ಒಬ್ಬ ನಡುವೆ ಓಡಿಬಂದು ನಿಲ್ಲುತ್ತಾನೆ, ಚೆಂಡು ಅವನ ಕೈಗೆ ಬಂದು ಅಲ್ಲಿಂದ ಗುರಿಗೆ ಹೋಗುತ್ತದೆ. ಎರಡು ಗಿಡ್ಡ ಎಸೆತಗಳು ಚುರುಕಾಗಿದ್ದರೆ ಒಂದು ನೀಳ ಎಸೆತಕ್ಕಿಂತ ಹಿಂದೆ ಬೀಳುವುದಿಲ್ಲ. ನಿಮ್ಮ ಆಟದಲ್ಲಿ ಅದಕ್ಕೆ ಅಡ್ಡಿಯುಂಟೇ ಎಂದು ಅವರು ಕೇಳಿದರು. ಅಡ್ಡಿಯಿರಲಿಲ್ಲ. ಅಪರೂಪಕ್ಕೆ ಮಾಡುವವರೂ ಇದ್ದರು, ಕರಗತ ಮಾಡಿಕೊಂಡವರು ಇರಲಿಲ್ಲ.

ಆ ಮೂರು ದಿನ ಗ್ರೇಸಿ, ಸಂಜೋತಾ ಬೆಳಗಿನ ಇಬ್ಬನಿ ಆರುವ ಮೊದಲೇ ಮೈದಾನದಲ್ಲಿರುತ್ತಿದ್ದರು. ಹತ್ತಿರಕ್ಕೆ ಎಸೆಯುವಾಗ ಸಂಜೋತಾಳ ಕೈ ಮೊದಲಿನಂತೆಯೇ ಕರಾರುವಾಕ್ಕಾಗಿತ್ತು. ಚೆಂಡು ಗ್ರೇಸಿಯ ಎಡಗಿವಿಯ ಪಕ್ಕಕ್ಕೇ ಬರಬೇಕು, ಅಲ್ಲಿ ಬಂದರೆ ಹಿಡಿಯುವುದೂ ತಿರುಗುವುದೂ ಒಂದೇ ಚಲನೆಯಲ್ಲಿ ಮುಗಿಯುತ್ತದೆ ಎಂದು ಇಬ್ಬರೂ ಕಂಡುಕೊಂಡರು. ಮನೆಯಲ್ಲಿ ಶಾಂತವ್ವ ಭುಜಕ್ಕೆ ಬಿಸಿ ಉಪ್ಪಿನ ಗಂಟು ಒತ್ತುತ್ತ, ಇಷ್ಟು ದಿನ ಒಬ್ಬಳೇ ಎಸೆದು ಸತ್ತೆ, ಇನ್ನೊಬ್ಬಳಿದ್ದರೆ ಎಷ್ಟು ಹಗುರ ನೋಡು ಎಂದಳು. ಒಳಗೆ ಮಹಾಂತೇಶ ತಾಟು ತೊಳೆಯುವ ಸದ್ದು ಕೇಳುತ್ತಿತ್ತು.

ಫೈನಲಿನ ದಿನ ಬೆಳಿಗ್ಗೆ ಒಂದು ಮಳೆ ಬಂದು ಹೋಯಿತು. ಮಧ್ಯಾಹ್ನ ಬಿಸಿಲು ಬಿದ್ದರೂ ಹುಲ್ಲು ಒದ್ದೆಯಾಗಿಯೇ ಇತ್ತು. ಹುಬ್ಬಳ್ಳಿ ಮೊದಲು ಆಡಿ ಮರ್ಯಾದೆಯ ಮೊತ್ತವನ್ನೇ ಗಳಿಸಿತು. ಮೈಸೂರಿನವರು ಬಂದರು. ಅವರ ಆರಂಭಿಕ ಆಟಗಾರ್ತಿಗೆ ಸಂಜೋತಾಳ ಭುಜದ ಸುದ್ದಿ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ? ಚೆಂಡನ್ನು ಅತ್ತ ಹೊಡೆದು ನಿಶ್ಚಿಂತೆಯಿಂದ ಎರಡನೇ ರನ್ನಿಗೆ ತಿರುಗಿದಳು. ಸಂಜೋತಾಳ ಕೈಯಿಂದ ಚೆಂಡು ಗಿಡ್ಡಕ್ಕೆ ಹೊರಟು ಗ್ರೇಸಿಯ ಕಿವಿಯ ಪಕ್ಕಕ್ಕೆ ಬಂತು, ಅಲ್ಲಿಂದ ಕೀಪರಳ ಕೈಗವಸಿಗೆ. ಆಟಗಾರ್ತಿ ಇನ್ನೂ ದಾರಿಯಲ್ಲಿದ್ದಳು. ಕ್ರೀಡಾಂಗಣ ಒಂದು ಕ್ಷಣ ಏನಾಯಿತೆಂದು ತಿಳಿಯದೆ ನಿಂತು, ಆಮೇಲೆ ಭೋರ್ಗರೆಯಿತು.

ಅಲ್ಲಿಂದ ಮುಂದೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಕೆಂಪು ಚುಕ್ಕಿಗಳು ಮತ್ತೆ ಮೂಡತೊಡಗಿದವು. ಮೆಹಜಬೀನರ ಶಿಷ್ಯರಿಗೆ ಹೊಸ ಪೇಚು. ಓಡದ ರನ್ನನ್ನು ಯಾರ ಹೆಸರಿಗೆ ಬರೆಯುವುದು, ಸಂಜೋತಾಳಿಗೋ ಗ್ರೇಸಿಗೋ? ಯಂತ್ರಕ್ಕೆ ಇಬ್ಬರನ್ನು ಒಟ್ಟಿಗೆ ಅಂಜುವವರ ಲೆಕ್ಕ ಗೊತ್ತಿರಲಿಲ್ಲ. ಸದ್ಯಕ್ಕೆ ಅರ್ಧರ್ಧ ಹಾಕಿ ಎಂದರು ಮೆಹಜಬೀನ್.

ಆದರೂ ಪೊನ್ನಮ್ಮ ಸುಮ್ಮನಿರುವ ಪೈಕಿಯಲ್ಲ. ಒಂದು ಕಡೆ ವಿಕೆಟ್ಟು ಬೀಳುತ್ತಿದ್ದರೂ ಇನ್ನೊಂದು ಕಡೆ ನಿಂತು, ಸಂದು ಸಂದಿನಲ್ಲಿ ಚೆಂಡು ತೂರಿಸಿ ತಂಡವನ್ನು ಗೆಲುವಿನ ಹೊಸ್ತಿಲಿಗೆ ತಂದಳು. ಕೊನೆಗೆ ಉಳಿದದ್ದು ಎರಡು ಚೆಂಡು, ಬೇಕಾದದ್ದು ಮೂರು ರನ್ನು. ಅವಳ ಜೊತೆಗೆ ಉಳಿದವಳು ಬ್ಯಾಟು ಹಿಡಿಯಲು ಬಾರದ ಬೌಲರು, ಕೊನೆಯ ವಿಕೆಟ್ಟು. ಈ ಚೆಂಡಿಗೆ ಎರಡು ಓಡಿದರೆ ಮುಂದಿನದನ್ನೂ ಪೊನ್ನಮ್ಮನೇ ಆಡಬಹುದು. ಒಂದಕ್ಕೇ ನಿಂತರೆ ಕೊನೆಯ ಚೆಂಡು ಬೌಲರ ಪಾಲು. ಓಡಿ ಔಟಾದರೆ ಆಟ ಅಲ್ಲಿಗೇ ಮುಗಿಯಿತು.

ಚೆಂಡು ಬಂತು. ಪೊನ್ನಮ್ಮ ಹೊಡೆದದ್ದು ಮಿಡ್‌ವಿಕೆಟ್ಟಿಗೆ, ಸಂಜೋತಾಳ ಎಡಗಡೆಗೆ. ಸಂಜೋತಾ ಓಡಿ, ಬಾಗಿ, ಗೆರೆಗೆ ಒಂದು ಮಾರು ಇರುವಾಗ ಚೆಂಡನ್ನು ಹಿಡಿದು ತಿರುಗಿದಳು. ತೋಳು ಎತ್ತಿದಳು. ನಡುವೆ ಗ್ರೇಸಿ ಇರಲಿಲ್ಲ. ಓಡಿಬರುತ್ತಿದ್ದ ಗ್ರೇಸಿ ಒದ್ದೆ ಹುಲ್ಲಿನಲ್ಲಿ ಜಾರಿ ಬೋರಲು ಬಿದ್ದಿದ್ದಳು, ಮುಖವೆಲ್ಲ ಕೆಸರು. ಸಂಜೋತಾಳ ಮುಂದೆ ಆ ಉದ್ದದ ಹಸಿರು ಬಿಟ್ಟರೆ ಯಾರೂ ಇಲ್ಲ. ಭುಜ ಆಗಲೇ ನೋಯತೊಡಗಿತ್ತು. ಎಸೆದರೆ ಚೆಂಡು ಅರ್ಧ ದಾರಿಗೂ ನೆಟ್ಟಗೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ತೋಳು ಇಳಿಸಲಿಲ್ಲ. ಎಸೆಯಲೇಬೇಕಾಗಿ ಬಂದರೆ ಎಸೆಯುವುದು, ಭುಜ ಹರಿದರೆ ಹರಿಯಲಿ ಎಂದು ಎಡಗಾಲು ಮುಂದಿಟ್ಟು, ಬಲಗೈಯನ್ನು ಕಿವಿಯ ಹಿಂದಕ್ಕೆ ಎಳೆದಳು.

ಪೊನ್ನಮ್ಮ ಮೊದಲ ರನ್ನು ಮುಗಿಸಿ ತಿರುಗಿದ್ದಳು. ಎರಡು ಹೆಜ್ಜೆ ಹಾಕಿಯೂ ಇದ್ದಳು. ಅವಳ ಕಣ್ಣಿಗೆ ಬಿದ್ದದ್ದು ದೂರದಲ್ಲಿ ಎತ್ತಿ ನಿಂತ ಆ ತೋಳು ಮಾತ್ರ, ನೆಲದ ಮೇಲಿನ ಗ್ರೇಸಿ ಅಲ್ಲ. ಕಾಲು ನಿಂತಿತು. ಬೇಡವೆಂದು ಕೈ ತೋರಿಸಿ, ಅರ್ಧ ದಾರಿ ಬಂದ ಜೊತೆಗಾರ್ತಿಯನ್ನು ಹಿಂದಕ್ಕೆ ಅಟ್ಟಿ, ತಾನೂ ಗೆರೆಯೊಳಗೆ ಹಾರಿದಳು. ಮೇಲೆ ಗಾಜಿನ ಕೊಠಡಿಯಲ್ಲಿ ಒಂದು ಚುಕ್ಕಿ ದಪ್ಪಗೆ ಕೆಂಪಾಯಿತು.

ಸಂಜೋತಾ ಮೆಲ್ಲಗೆ ತೋಳಿಳಿಸಿದಳು. ಚೆಂಡನ್ನು ಕೈಯಲ್ಲೇ ಹಿಡಿದು ಓಡಿ ಬಂದು, ಗ್ರೇಸಿಯನ್ನು ಎಬ್ಬಿಸಿ, ಅದನ್ನು ತಮ್ಮ ತಂಡದ ಬೌಲರಳ ಕೈಗೆ ಕೊಟ್ಟಳು. ಕೊನೆಯ ಚೆಂಡಿಗೆ ಮೈಸೂರಿನ ಬೌಲರು ಕಣ್ಣು ಮುಚ್ಚಿ ಬ್ಯಾಟು ಬೀಸಿದಳು, ಚೆಂಡು ಕೀಪರಳ ಕೈ ಸೇರಿತು. ಹುಬ್ಬಳ್ಳಿ ಗೆದ್ದದ್ದು ಒಂದೇ ಒಂದು ರನ್ನಿನಿಂದ.

ಮೈದಾನದ ತುಂಬ ಜನ. ಆ ಕೊನೆಯ ಚುಕ್ಕಿಯಲ್ಲೂ ನನಗೆ ಅರ್ಧ ಬರಬೇಕು, ನಾನು ಬಿದ್ದದ್ದಕ್ಕೇ ಪೊನ್ನಮ್ಮನಿಗೆ ಸಂಜೋತಾಳ ಕೈ ಚೆನ್ನಾಗಿ ಕಂಡಿತು ಎಂದು ಗ್ರೇಸಿ ಕೆಸರು ಮುಖದಲ್ಲೇ ಮೆಹಜಬೀನರ ಜೊತೆ ವಾದಕ್ಕೆ ನಿಂತಿದ್ದಳು. ಮಹಾಂತೇಶ ತಾಯಿಯ ಕೈ ಹಿಡಿದು ಕಟ್ಟೆ ಇಳಿಸುತ್ತಿದ್ದ. ಆ ಗದ್ದಲದಲ್ಲಿ ಪೊನ್ನಮ್ಮ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಸಂಜೋತಾಳ ಹತ್ತಿರ ಬಂದಳು. ಅತ್ತಿರಬಹುದು, ಕಣ್ಣು ಕೆಂಪಾಗಿತ್ತು, ಆದರೆ ತುಟಿಯಂಚಿನಲ್ಲಿ ನಗುವಿತ್ತು.

"ಅಕ್ಕ, ಒಂದು ಕೇಳ್ತೀನಿ, ನಿಜ ಹೇಳಿ. ನಾನು ಓಡಿದ್ರೆ ನಿಮ್ಮ ಎಸೆತ ತಲುಪ್ತಿತ್ತಾ?"

"ಇಲ್ಲವಾ," ಎಂದಳು ಸಂಜೋತಾ. "ಅರ್ಧ ದಾರಿಗೂ ಬರ್ತಿರಲಿಲ್ಲ."

ಪೊನ್ನಮ್ಮ ಒದ್ದೆ ಹುಲ್ಲಿನ ಮೇಲೆ ದೊಪ್ಪನೆ ಕೂತುಬಿಟ್ಟಳು. ಆಮೇಲೆ ತನ್ನ ತೊಡೆಗೆ ತಾನೇ ಒಂದು ಗುದ್ದು ಕೊಟ್ಟು, ಬಿದ್ದು ಬಿದ್ದು ನಕ್ಕಳು. ಸಂಜೋತಾಳೂ ಪಕ್ಕದಲ್ಲಿ ಕೂತಳು. ಬರುವ ವಾರ ತನ್ನ ಭುಜದ ಆಪರೇಶನ್ ಎಂದು ಹೇಳಿದಳು. ಇವತ್ತು ರಾತ್ರಿ ಊಟಕ್ಕೆ ಮನೆಗೆ ಬಾ, ನಮ್ಮ ಅತ್ತೆಗೆ ನಿನ್ನನ್ನು ನೋಡಬೇಕಂತೆ ಎಂದು ಕರೆದಳು. ಬರುತ್ತೇನೆ ಎಂದಳು ಪೊನ್ನಮ್ಮ.

"ಆದ್ರೆ ಮುಂದಿನ ವರ್ಷ ನಾನು ಖಂಡಿತ ಓಡ್ತೀನಿ, ಅಕ್ಕ."

"ಓಡು," ಎಂದಳು ಸಂಜೋತಾ. "ಅಷ್ಟರಾಗ ನಾನೂ ಎಸಿಯೋದು ಕಲತಿರ್ತೀನಿ."